ಹುಳದ ಮನೆ ಮತ್ತು ಬೈರಪ್ಪನ ಬಲಗೈ

ನೋಡಿ, ನಿಮ್ಮ ಹೀರೋಗಳು ಒಂದೇ ಏಟಿಗೆ ಹತ್ತು ಜನರನ್ನು ಉರುಳಿಸಿರಬಹುದು. ಚನ್ನಪಟ್ಟಣದ ಬೈರಪ್ಪ ಯಾರನ್ನೂ ಮುಟ್ಟದೆ, ಬರೀ ಬಲಗೈ ಎತ್ತಿ, ಒಂದು ವಿಶ್ವವಿದ್ಯಾಲಯದ ಚರಿತ್ರೆಯನ್ನೇ ತಿರುಗಿಸಿದ. ಅಲ್ಲಿ ರೇಷ್ಮೆ ಕೃಷಿ ಪದವಿ ಪಡೆದ ಮೊದಲ ಹುಡುಗಿಯರು ಕೋಡಿಹಳ್ಳಿಯ ಪುಟ್ಟಗೌರಮ್ಮ, ರಾಮನಗರದ ಇಸ್ಮತ್. ಆ ಕೈ ಇಲ್ಲದಿದ್ದರೆ ಇಬ್ಬರ ಹೆಸರೂ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಎಂಬತ್ತರ ದಶಕ. ರೇಷ್ಮೆ ಗೂಡಿಗೆ ಚಿನ್ನದ ಬೆಲೆ. ಕನಕಪುರದಿಂದ ಮಾಗಡಿವರೆಗೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿದ್ದವು. ಪದವಿಯ ಕೊನೆಯ ಪರೀಕ್ಷೆಯೆಂದರೆ ವಿದ್ಯಾರ್ಥಿಗಳು ಒಬ್ಬೊಬ್ಬರೂ ಹುಳದ ಮನೆಯಲ್ಲಿ ತಮ್ಮ ತಟ್ಟೆಯ ಹುಳುಗಳನ್ನು ಗೂಡು ಕಟ್ಟುವವರೆಗೆ ಸಾಕಬೇಕು. ಒಂದು ದಿನ ತಪ್ಪಿದರೂ ಫೇಲು. ಆದರೆ ಹುಳದ ಮನೆಯ ಮೇಸ್ತ್ರಿ ನರಸಯ್ಯನವರದು ಊರಿನದೇ ಕಟ್ಟಳೆ: ತಿಂಗಳ ಆ ಮೂರು ದಿನ ಹೆಂಗಸರು ಒಳಗೆ ಬಂದರೆ ಹುಳು ಸಾಯುತ್ತವೆ. ಪ್ರತಿ ಬೆಳಿಗ್ಗೆ ಹುಡುಗಿಯರನ್ನು ಬಾಗಿಲಲ್ಲೇ ಕೇಳಿ ಒಳಗೆ ಬಿಡುತ್ತಿದ್ದರು. ಪ್ರೊಫೆಸರೂ ಅವರ ಮಾತು ಮೀರುತ್ತಿರಲಿಲ್ಲ.

ಹುಳುಗಳು ನಾಲ್ಕನೇ ಜ್ವರದಿಂದೆದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಗಬಗಬ ಸೊಪ್ಪು ತಿನ್ನುವ ವಾರದಲ್ಲೇ ಪುಟ್ಟಗೌರಮ್ಮನ ದಿನ ಬಂತು. "ಇಲ್ಲ ಕಣಣ್ಣ" ಎಂದು ಸುಳ್ಳು ಹೇಳಿ ಒಳಗೆ ಹೋದಳು. ಮೂರನೇ ಬೆಳಿಗ್ಗೆ ಅವಳ ಸಹಪಾಠಿ ಬೈರಪ್ಪನ ತಟ್ಟೆಯ ಹುಳುಗಳು ಹಸಿರು ಕಕ್ಕಿಕೊಂಡು ಸತ್ತು ಬಿದ್ದಿದ್ದವು.

"ಯಾರವ್ವ ಮುಟ್ಟಾಗಿ ಒಳಕ್ಕೆ ಬಂದೋರು?" ನರಸಯ್ಯ ಹುಡುಗಿಯರಿಬ್ಬರನ್ನೇ ನೋಡಿದರು.

"ನಾನೇ, ಮೂರು ದಿನದಿಂದ್ಲೂ," ಎಂದಳು ಪುಟ್ಟಗೌರಮ್ಮ. "ನನ್ ಹುಳ ನೋಡಣ್ಣ, ಹೆಂಗವೆ. ಸಾಯಂಗಿದ್ರೆ ಮೊದ್ಲು ಅವೇ ಸಾಯ್ಬೇಕಿತ್ತಲ್ವಾ?"

"ಅರೆ, ಮೈಲಿಗೆಗೂ ಅಡ್ರೆಸ್ ತಪ್ತದಾ ನರಸಣ್ಣ?" ಎಂದಳು ಇಸ್ಮತ್. "ಇವ್ಳ ತಟ್ಟೆ ಬಿಟ್ಟು ಬೈರಪ್ಪಂದಕ್ಕೆ ಹೋಗೈತೆ."

"ಬಾಯ್ ಮುಚ್ಚವ್ವ. ಇವತ್ತಿಂದ ಇಬ್ರೂ ಹೊರ್ಗೆ."

ಹೊರಗೆ ಎಂದರೆ ಪದವಿಯೂ ಹೋದಂತೆ. ಆಗ ಬೈರಪ್ಪ ಎದೆ ಸೆಟೆಸಿ ಮುಂದೆ ಬಂದ. "ನಿಲ್ಸಿ. ತಪ್ಪು ಮಾಡಿರೋನು ಈ ಬೈರ. ಶಿಕ್ಷೆ ಕೊಡೋದಿದ್ರೆ ಈ ಕೈಗೆ ಕೊಡಿ," ಎಂದು ಬಲಗೈ ಎತ್ತಿದ. ಬೆರಳಲ್ಲಿ ಬೀಡಿಯ ಘಾಟು. ಹೊಗೆಸೊಪ್ಪು ಸೋಕಿದರೆ ರೇಷ್ಮೆ ಹುಳು ಉಳಿಯುವುದಿಲ್ಲವೆಂದು ನರಸಯ್ಯನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ಸೊಪ್ಪು ಹಾಕೋಗವ್ವ, ಹಸ್ಕೊಂಡವೆ."

ಸರಿ, ಈಗ ನಿಜ ಹೇಳಿಬಿಡುತ್ತೇನೆ. ಆ ಬೈರಪ್ಪ ನಾನೇ. ಎದೆ ಸೆಟೆಸಲಿಲ್ಲ, ಡೈಲಾಗೂ ಹೊಡೆಯಲಿಲ್ಲ. ಇಬ್ಬರನ್ನೂ ಹೊರಗೆ ಅಂದಾಗ ಜೇಬಿನಲ್ಲಿ ಕೈ ಇಟ್ಟುಕೊಂಡು ಕಂಬದ ಹಿಂದೆ ನಿಂತಿದ್ದೆ. ಪುಟ್ಟಗೌರಮ್ಮನೇ ಬಂದು ನನ್ನ ಮುಂಗೈ ಎಳೆದು ಮೂಸಿ, "ಬೀಡಿ ಸೇದ್ಬುಟ್ಟು ಕೈ ತೊಳೀದೆ ಸೊಪ್ಪು ಹಾಕೌನೆ. ನೀನೂ ಒಸಿ ಮೂಸು ನರಸಣ್ಣ," ಎಂದಳು.

ಅವರಿಬ್ಬರೂ ಪಾಸಾದರು. ನಾನು ಫೇಲು. ಮರುವರ್ಷ ನರಸಯ್ಯ ಬಾಗಿಲಲ್ಲಿ ಹುಡುಗಿಯರನ್ನು ಏನೂ ಕೇಳುತ್ತಿರಲಿಲ್ಲ. ನನ್ನನ್ನು ಮಾತ್ರ ದಿನಾ ಕೈ ಮೂಸಿಯೇ ಒಳಗೆ ಬಿಡುತ್ತಿದ್ದರು.