ಉಜ್ಜುವ ಕೈ

ಮರಗೆಲಸದ ಊರು ಜೆಪಾರಾದ ಆ ಓಣಿಯಲ್ಲಿ ಬೆಳಗಾಯಿತೆಂದರೆ ಮೊದಲು ಗರಗಸ ಕಿರುಚುತ್ತದೆ, ಹಿಂದೆಯೇ ಉಳಿಯ ಮೇಲೆ ಕೊಡತಿ ಬೀಳುತ್ತದೆ. ಆಮೇಲೆ ಹೆಂಗಸರು ತಲೆಗೂ ಮೂಗಿಗೂ ಬಟ್ಟೆ ಬಿಗಿದುಕೊಂಡು ಉಜ್ಜುವುದಕ್ಕೆ ಕೂರುತ್ತಾರೆ. ಕೊಯ್ಯುವುದು, ಕೆತ್ತುವುದು ಗಂಡಸರ ಕೆಲಸ, ಉಜ್ಜುವುದು ಹೆಂಗಸರದು. ಆ ಕಟ್ಟಳೆ ಯಾರು ಮಾಡಿದರೋ, ಕೇಳಿದವರಿಲ್ಲ.

ಸುತಿಯಾ ಮದುವೆಯಾಗಿ ಬಂದಾಗಿನಿಂದ ಗಂಡ ಕಸ್ದಿಯ ಶೆಡ್ಡಿನಲ್ಲಿ ಉಜ್ಜುತ್ತಿದ್ದಾಳೆ. ಮೊದಮೊದಲು ಉಪ್ಪುಕಾಗದ ಹಿಡಿದು ಕೈಯಿಂದಲೇ. ಕೆಲಸ ಹೆಚ್ಚಿದ ಮೇಲೆ ಮಶೀನು ಬಂತು. ಅಂಗೈಯಗಲದ ದುಂಡು ಬಿಲ್ಲೆ. ಅದು ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ, ಹಾಗಾಗಿ ಮರದ ಮೇಲೆ ಗೀರು ಉಳಿಯಬಾರದು. ಉಳಿಯಬಾರದು ಎನ್ನುವುದು ಒಳ್ಳೆಯ ಮಶೀನಿನ ಮಾತು. ಕಸ್ದಿ ತರುತ್ತಿದ್ದದ್ದು ಅಗ್ಗದ್ದು. ಅದರ ಧೂಳಿನ ಚೀಲ ತಂದ ವಾರದಲ್ಲೇ ಕಳಚಿ ಬೀಳುತ್ತಿತ್ತು. ನಡುಕ ಎಷ್ಟೆಂದರೆ, ಸಂಜೆ ಅನ್ನ ಕಲಸುವಾಗಲೂ ಸುತಿಯಾಳ ಬೆರಳು ಕುಣಿಯುತ್ತಿದ್ದವು.

ಅಂದು ಸೆಮರಾಂಗ್‌ನ ವ್ಯಾಪಾರಿಯ ಕಡೆಯವನು ತೇಗದ ಊಟದ ಮೇಜನ್ನು ನೋಡಲು ಬಂದಿದ್ದ. ಟಾರ್ಚನ್ನು ಹಲಗೆಗೆ ಓರೆಯಾಗಿ ಹಿಡಿದ. ಬೆಳಕಿನಲ್ಲಿ ಸಣ್ಣ ಸಣ್ಣ ಸುಳಿಗೀರುಗಳು ಎದ್ದು ಕಂಡವು. "ಇದನ್ನ ಕಳಿಸಿದ್ರೆ ಅವರು ನನ್ನ ಮುಖಕ್ಕೆ ಎಸೀತಾರೆ," ಅಂದವನೇ ಬೈಕು ಹತ್ತಿದ.

ಕಸ್ದಿ ಆಳುಗಳೆದುರೇ ಹೆಂಡತಿಯ ಮೇಲೆ ಹರಿಹಾಯ್ದ. "ಕಣ್ಣು ಎಲ್ಲಿಟ್ಟಿದ್ದೆ?"

"ಎತ್ತಿದ್ರೂ ಬಿಲ್ಲೆ ನಿಲ್ಲಲ್ಲ ಮಾಸ್. ಗಿರ್ರಂತ ತಿರುಗ್ತಾನೇ ಇರ್ತದೆ. ಮತ್ತೆ ಇಟ್ಟ ಕಡೆ ಕಚ್ತದೆ." ಗಂಡನನ್ನು ಸುತಿಯಾ ಕರೆಯುವುದೇ ಮಾಸ್ ಎಂದು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ!"

ಗಂಡಸರು ನಕ್ಕರು. ಮೂಲೆಯಲ್ಲಿ ಕುರ್ಚಿಯ ಕಾಲು ಉಜ್ಜುತ್ತಿದ್ದ ಕೂಲಿ ಹುಡುಗಿ ನರ್ಮಿ ತಲೆಯೆತ್ತದೆ ಕೇಳಿದಳು. "ನೆಲ ನಿಜ್ವಾಗ್ಲೂ ಡೊಂಕಿದ್ರೆ, ಯಜಮಾನ್ರೆ?"

"ನಿನ್ನ ಬಾಯಿಗಿರೋ ಚುರುಕು ಕೈಗಿದ್ದಿದ್ರೆ ಈ ಗತಿ ಬರ್ತಿರ್ಲಿಲ್ಲ," ಅಂದ ಕಸ್ದಿ.

ಮಧ್ಯಾಹ್ನ ಅದೇ ಮೇಜನ್ನು ಮತ್ತೆ ಉಜ್ಜುತ್ತಿದ್ದಾಗ ಮಶೀನು ಸುಟ್ಟ ವಾಸನೆ ಬಿಟ್ಟು, ಹೊಗೆಯಾಡಿ, ನಿಂತುಹೋಯಿತು. ಕಸ್ದಿ ಅದನ್ನು ತಿರುಗಿಸಿ ನೋಡಿ ಮೂಲೆಗೆ ಒಗೆದ. ಹೇಗೂ ಅವನಿಗೆ ಅಂಚು ಕೊರೆಯುವ ಹೊಸ ರೂಟರ್ ಬೇಕಿತ್ತು, ಪೇಟೆಗೆ ಹೊರಟ.

"ನಾನೂ ಬರ್ತೀನಿ," ಅಂದಳು ಸುತಿಯಾ.

"ನೀನ್ಯಾಕೆ?"

"ಹಿಡಿಯೋಳು ನಾನು ತಾನೆ?"

ಪೇಟೆಯಲ್ಲಿ ಹಿಯನ್ ಅವರ ಮಶೀನಿನ ಅಂಗಡಿಯಲ್ಲಿ ಕಸ್ದಿ ರೂಟರಿನ ಮುಂದೆ ಬಹಳ ಹೊತ್ತು ನಿಂತ. ಓಡಿಸಿ, ಕಿವಿಗೊಟ್ಟು ಸದ್ದು ಕೇಳಿದ. ಹಿಡಿ ಕೈಗೆ ಕೂರುತ್ತದೋ ಇಲ್ಲವೋ ನೋಡಿದ. ಬಿಡಿಭಾಗ ಸಿಗುತ್ತದೋ, ಕೆಟ್ಟರೆ ಯಾರು ಮಾಡಿಕೊಡುತ್ತಾರೆ ಎಂದೆಲ್ಲ ಕೆದಕಿದ. ಕೊನೆಗೆ ಒಳ್ಳೆಯದನ್ನೇ ಆರಿಸಿ ಪಕ್ಕಕ್ಕಿಟ್ಟು, "ಉಜ್ಜೋದು ಒಂದು ಕೊಡಿ. ಯಾವ್ದಾದ್ರೂ ಸರಿ, ಅಗ್ಗದ್ದು," ಅಂದ.

"ಯಾವ್ದಾದ್ರೂ ಅಂದ್ರೆ?" ಅಂದಳು ಸುತಿಯಾ.

"ಅದೇ ಮೊದ್ಲಿನದು. ರೂಟರ್ ಕೈಕೊಟ್ರೆ ಶೆಡ್ಡೇ ನಿಂತುಹೋಗ್ತದೆ. ಉಜ್ಜೋದು ಹಂಗಲ್ಲ, ಕಾಗದ ಹಿಡಿದೂ ಮಾಡಬಹುದು. ನಾನೇನು ಮೋಜಿಗೆ ಉಳಿಸ್ತೀನಾ? ವ್ಯಾಪಾರಿ ದುಡ್ಡು ಕೊಡೋದು ಅವನಿಗೆ ನೆನಪಾದಾಗ. ಅಲ್ಲೀವರ್ಗೂ ನಾಲ್ಕು ಮನೆ ಒಲೆ ಉರೀಬೇಕಲ್ಲ?"

ಅದೂ ಸುಳ್ಳಾಗಿರಲಿಲ್ಲ.

ಹಿಯನ್ ಎರಡು ಮಶೀನು ತಂದಿಟ್ಟರು. "ಇದು ನೀವು ಒಯ್ಯೋದು. ಇದು ದುಬಾರಿ, ಸುಳ್ಳು ಹೇಳಲ್ಲ. ಆದ್ರೆ ಎತ್ತಿದ ಕೂಡ್ಲೆ ಬಿಲ್ಲೆ ನಿಧಾನ ಆಗ್ತದೆ, ಧೂಳು ಚೀಲಕ್ಕೇ ಹೋಗ್ತದೆ, ನಡುಕಾನೂ ಕಮ್ಮಿ. ಕೆಟ್ರೆ ಸಾಮಾನು ನನ್ನ ಹತ್ರಾನೇ ಸಿಗ್ತದೆ. ನಾನ್ಯಾಕೆ ಹೇಳ್ಬೇಕು, ಹಿಡಿದು ನೋಡಿ ಅಮ್ಮ. ಕೈಗೇ ಗೊತ್ತಾಗ್ತದೆ."

ಕೌಂಟರಿನ ಮೇಲಿದ್ದ ಹಲಗೆಯ ಮೇಲೆ ಅವಳು ಅಗ್ಗದ್ದನ್ನು ಓಡಿಸಿದಳು. ಆಮೇಲೆ ಇನ್ನೊಂದನ್ನು. ಮತ್ತೆ ಮೊದಲಿನದನ್ನು. ಸದ್ದು ಬೇರೆ ಬೇರೆ ಕೇಳಿಸುತ್ತಿತ್ತು. ಕೈಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಒತ್ತಿ ಹಿಡಿದಳು, ಇಲ್ಲ. ಬೆಳಗಿನ ಹೊತ್ತು ರವಿಕೆಯ ಗುಂಡಿ ಸಿಗದೆ ಬೆರಳು ತಡಕಾಡುವುದು, ತುದಿಗಳು ಸುಣ್ಣದಂತೆ ಬೆಳ್ಳಗಾಗುವುದು, ಇದನ್ನೆಲ್ಲ ಅವಳು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದಳು. ಈಗ ಮಶೀನನ್ನು ಗಂಡನ ಕಡೆ ಚಾಚಿದಳು.

"ಮಾಸ್, ನೀವೊಂದ್ಸಲ ಹಿಡೀರಿ," ಅಂದಳು.

ಕಸ್ದಿ ಬೇಸರದಿಂದಲೇ ಅಗ್ಗದ್ದನ್ನು ಹಿಡಿದ. ಸ್ವಲ್ಪ ಹೊತ್ತಿಗೇ ಕೆಳಗಿಟ್ಟು ಕೈ ಕೊಡವಿದ. "ಅಬ್ಬಾ! ಮೊಳಕೈವರೆಗೂ ಜುಂ ಅಂತದೆ." ಇನ್ನೊಂದನ್ನು ಹಿಡಿದ. "ಇದು ಪರವಾಗಿಲ್ಲ. ಅದಕ್ಕೂ ಇದಕ್ಕೂ ಅಜಗಜಾಂತರ."

"ಹೌದಾ? ನಂಗೆ ಎರಡೂ ಒಂದೇ ಥರ ಇದ್ವು."

ಕಸ್ದಿ ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. ಹಿಯನ್ ಕನ್ನಡಕ ತೆಗೆದು, "ಬೆರಳು ಬೆಳ್ಳಗಾಗ್ತವಾ ಅಮ್ಮ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. "ಮಶೀನು ಹಿಡಿಯೋರ ಇಂಥ ಕೈ ನಾನು ನೋಡಿದ್ದೀನಿ. ಡಾಕ್ಟ್ರಿಗೆ ತೋರ್ಸಿ. ಆದ್ರೆ ಇಷ್ಟು ಮುಂದುವರಿದ ಮೇಲೆ... ವಾಪಸ್ ಬರೋದು ಕಷ್ಟ."

ಕಸ್ದಿ ಅವಳ ಕೈಯನ್ನು ತೆಗೆದುಕೊಂಡ. ನಾಲ್ಕು ಜನರೆದುರು ಹೆಂಡತಿಯ ಕೈ ಹಿಡಿದವನಲ್ಲ ಅವನು. ತೋರುಬೆರಳ ತುದಿಗೆ ಉಗುರು ಒತ್ತಿದ. ಇನ್ನೂ ಒತ್ತಿದ. ಅವಳು ಬೀದಿಯ ಕಡೆ ನೋಡುತ್ತಿದ್ದಳು, ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಉಗುರಿನ ಗುರುತು ಅಲ್ಲೇ ಉಳಿಯಿತು.

ಅವನು ರೂಟರಿನ ಡಬ್ಬವನ್ನು ಹಿಯನ್ ಅವರ ಕಡೆಗೆ ಸರಿಸಿದ. "ಇದು ಬೇಡ. ಉಜ್ಜೋದು ಕಟ್ಟಿಕೊಡಿ. ಒಳ್ಳೇದು."

ಬೈಕು ಅರ್ಧ ದಾರಿ ದಾಟಿತು. ಆಮೇಲೆ ಅವನೇ ಅಂದ. "ಮೊದ್ಲೇ ಹೇಳೋದಲ್ವಾ?"

"ಮಶೀನು ಸರಿಯಿಲ್ಲ ಅಂತ ಪ್ರತೀ ಸಲ ಹೇಳಿದ್ದೆ."

"ಕೈ ವಿಷ್ಯ ಹೇಳ್ಲಿಲ್ಲ."

"ಅದಕ್ಕೂ ಇದಕ್ಕೂ ನಂಟಿದೆ ಅಂತ ನಂಗೇನು ಗೊತ್ತು?"

ಮರುದಿನ ಕಸ್ದಿ ತಾನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆ ಮೇಜಿನ ಮುಂದೆ ನಿಂತ. ಪಕ್ಕದ ಶೆಡ್ಡಿನ ಸುಕಿರ್ ಹಣಕಿ ನೋಡಿ, "ಏನಪ್ಪಾ, ಹೆಂಡ್ತಿ ಕೆಲ್ಸಕ್ಕೆ ಬಡ್ತಿ ಸಿಕ್ತಾ? ನಾಳೆಯಿಂದ ಅಡುಗೇನೂ ನಿಂದೇನಾ?" ಎಂದು ಕೆಣಕಿದ. ಕಸ್ದಿ ಇಡೀ ಹಲಗೆ ಉಜ್ಜಿ ಮುಗಿಸಿ, ಯಾವತ್ತಿನ ಅಭ್ಯಾಸದಂತೆ ಕೂಗಿದ. "ಸುತಿಯಾ, ಸರಿಯಾಯ್ತಾ ನೋಡು ಬಾ."

ಕರೆದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅವಳು ಬಂದಾಗಿತ್ತು. ಈ ಶೆಡ್ಡಿನಿಂದ ಯಾವ ಹಲಗೆಯೂ ಅವಳ ಅಂಗೈಯನ್ನು ದಾಟದೆ ಹೋದದ್ದಿಲ್ಲ. ಅವಳು ಈ ತುದಿಯಿಂದ ಆ ತುದಿಗೆ ಕೈ ಎಳೆದಳು. ತಿರುಗಿ ಒಮ್ಮೆ ಎಳೆದಳು.

"ನರ್ಮಿನ ಕೇಳಿ," ಅಂದಳು.

ನರ್ಮಿ ಸುತಿಯಾಳನ್ನೂ ಯಜಮಾನನನ್ನೂ ಒಮ್ಮೆ ನೋಡಿ, ಕಣ್ಣು ಮುಚ್ಚಿ ಅಂಗೈ ಆಡಿಸಿದಳು. "ಇಲ್ಲಿ, ಕಾಲಿನ ಮೇಲ್ಗಡೆ, ಇನ್ನೂ ತರಿ ಇದೆ." ಹೊಸ ಮಶೀನನ್ನು ಎತ್ತಿಕೊಂಡು ಶುರುಮಾಡಿದಳು. ಧೂಳು ಚೀಲ ಸೇರುತ್ತಿತ್ತು. ಹೊಸ ಸಾಮಾನಿನ ಖುಷಿಗೆ ಅವಳು ಬಿಡುವೇ ಇಲ್ಲದೆ, ತರಿ ಹೋದ ಮೇಲೂ ಪಕ್ಕದ ಹಲಗೆಗಳಿಗೆ ದಾಟಿದಳು.

ಸುತಿಯಾ ಅವಳ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಬಗ್ಗಿ ಪ್ಲಗ್ಗನ್ನು ಕಿತ್ತಳು.

"ಯಾಕಕ್ಕಾ? ಇನ್ನೊಂದು ಚೂರಿತ್ತು."

"ಇರ್ಲಿ. ಕೈ ಕೊಡವ್ಕೋ. ಚಹಾ ಕುಡಿದು ಆಮೇಲೆ ಮಾಡು. ಇನ್ಮೇಲೆ ಹಿಂಗೇ."

"ನಾಳಿದ್ದು ಲಾರಿ..." ಎಂದು ಶುರುಮಾಡಿದ ಕಸ್ದಿ ಮಾತು ನುಂಗಿಕೊಂಡ. ಒಳಗೆ ಹೋಗಿ ತಾನೇ ಚಹಾ ತಂದ. ಒಲೆಯಿಂದ ಆಗಷ್ಟೇ ಇಳಿಸಿದ್ದು.

"ಅಯ್ಯಯ್ಯೋ, ಸುಡ್ತದೆ!" ನರ್ಮಿ ಲೋಟವನ್ನು ಆ ಕೈಯಿಂದ ಈ ಕೈಗೆ ಹಾಕುತ್ತ, ಬೆರಳಿಗೆ ಉಫ್ ಎಂದು ಊದುತ್ತ ನಕ್ಕಳು.

ಸುತಿಯಾ ತನ್ನ ಲೋಟವನ್ನು ಎರಡೂ ಅಂಗೈಯಲ್ಲಿ ಬಿಗಿಯಾಗಿ ಹಿಡಿದು, ನಗುವ ಆ ಹುಡುಗಿಯನ್ನು ನೋಡುತ್ತಿದ್ದಳು. ಕಸ್ದಿ ಹತ್ತಿರ ಬಂದು, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲೋಟವನ್ನು ಮೇಜಿನ ಮೇಲಿಟ್ಟ. ಅಂಗೈ ಕೆಂಪಗಾಗಿತ್ತು.