ಎತ್ತಿದ ಹಿಮ್ಮಡಿ

ಬೂಟಿಗೆ ಹೊಸ ಹಿಮ್ಮಡಿ ಹಾಕಿಸಿಕೊಂಡು ಬಂದಿದ್ದಾನೆ ನೋಡು, ಎಡಗಾಲಿನದಕ್ಕೆ ಮಾತ್ರ, ಬಲಗಾಲಿನದು ಹಳೆಯದೇ, ಅರವತ್ತೆರಡಾದರೂ ಅಣ್ಣನ ಜಿಪುಣತನ ಹೋಗಲಿಲ್ಲ — ಆದರೆ ಸವೆಯುವುದು ಎಡದ್ದೇ ತಾನೆ, ಎತ್ತಿ ಇಳಿಸಿ ಎತ್ತಿ ಇಳಿಸಿ, ಜೀವಮಾನವೆಲ್ಲ ತಾಳ ಹಾಕಿದ್ದು ಅದೇ ಹಿಮ್ಮಡಿ, ಈಗಲೂ ಹಾಕುತ್ತಿದೆ, ಟಕ್, ಟಕ್, ಎತ್ತರದ ಸ್ಟೂಲಿನ ಮೇಲೆ ಕೂತು ಗಿಟಾರಿನಿಂದ ಮೊದಲ ಐದು ಸ್ವರ ಬಿಟ್ಟ ಅಷ್ಟೆ, ಮೈದಾನವೆಲ್ಲ ಹೋ ಅಂತು, ಹದಿನೆಂಟು ಸಾವಿರ ಜನವಂತೆ, ಇಳಿಬಿಸಿಲು ನೇರ ನನ್ನ ಕಣ್ಣಿಗೆ, ಅಬ್ಬಬ್ಬಾ, ಈ ಸದ್ದು ಎದೆಗೆ ಬಡಿದು ಹನ್ನೊಂದು ವರ್ಷವಾಗಿತ್ತು, ಸುಮ್ಮನಿರು ಕೈಯೇ, ಇನ್ನೂ ನಾಲ್ಕು ನಿಮಿಷ ನಿನಗೆ ಕೆಲಸವಿಲ್ಲ. ಡ್ರಮ್ಸ್ ಬಾರಿಸುವವಳಿಗೆ ಈ ಹಾಡಿನಂಥ ಶಿಕ್ಷೆ ಇನ್ನೊಂದಿಲ್ಲ, ಎರಡು ಚರಣ ಅವನೊಬ್ಬನೇ, ಅವನ ಗಿಟಾರು ಅವನ ಗಂಟಲು, ನಾನು ತೊಡೆಯ ಮೇಲೆ ಕಡ್ಡಿ ಇಟ್ಟುಕೊಂಡು ಬೊಂಬೆಯ ಹಾಗೆ ಕೂತಿರಬೇಕು, ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ, ಮೂರನೆಯ ಚರಣಕ್ಕೆ ಮುಂಚೆ ಆ ನಿಲುಗಡೆ, ಆಮೇಲೆ ನಾನು. ಅಷ್ಟರವರೆಗೆ ಯೋಚಿಸದೆ ಇನ್ನೇನು ಮಾಡಲಿ, ಅದೂ ವೇದಿಕೆ ಹತ್ತುವ ಮೆಟ್ಟಿಲ ಮೇಲೆ ಕಿವಿಗೆ ಅಂಥ ಮಾತು ಹಾಕಿದ ಮೇಲೆ — ಅವತ್ತು ಬಾಗಿಲಲ್ಲಿ ಯಾರು ನಿಂತಿದ್ರು ಅಂತ ನೀನು ಯಾವತ್ತಾದ್ರೂ ಕೇಳಿದ್ಯೇನೇ, ಅಂದ, ಅಂದವನೇ ಬೆಳಕಿನೊಳಕ್ಕೆ ನಡೆದುಬಿಟ್ಟ, ಹನ್ನೊಂದು ವರ್ಷದ ಮೇಲೆ ಮುಖಾಮುಖಿ ಆಡಿದ ಮೊದಲ ಮಾತು, ಚೆನ್ನಾಗಿದ್ದೀಯಾ ಅಂತಲೂ ಇಲ್ಲ, ಬಾಗಿಲಂತೆ, ಯಾವ ಬಾಗಿಲು, ಯಾರು.

ದೀಪ ಆರಿಸಬೇಡ, ನಾನಿನ್ನೂ ದಾರಿಯಲ್ಲಿದ್ದೇನೆ, ಅಂತ ಶುರುಮಾಡಿದ, ಗಂಟಲು ಒಡೆದಿದೆ, ಒಡೆದೇ ಚೆನ್ನಾಗಿದೆ, ಮುಂದಿನ ಸಾಲಿನ ಆ ಬೋಳುತಲೆಯವನು ಆಗಲೇ ಅಳುತ್ತಿದ್ದಾನೆ, ಅಳಪ್ಪ ಅಳು, ಈ ಹಾಡು ಹುಟ್ಟಿದ್ದು ಹೇಗೆ ಅಂತ ಗೊತ್ತಾದರೆ ನಗುತ್ತೀಯ. ಸ್ನೇಹಿತನ ಗಿಟಾರು, ಎರವಲು, ಆರನೆಯ ತಂತಿ ಕಿತ್ತುಹೋಗಿತ್ತು, ತಂತಿ ಮಾರುವ ಅಂಗಡಿಗೆ ಮೂರು ದಿನ ರಜೆ, ಐದೇ ತಂತಿಯಲ್ಲಿ ಏನಾದರೂ ಮಾಡಬೇಕಲ್ಲ ಅಂತ ಒಂದೊಂದನ್ನೇ ಮೇಲಿಂದ ಕೆಳಕ್ಕೆ ಮೀಟುತ್ತಾ ಕೂತ, ಅಮ್ಮನ ಹೊಲಿಗೆ ಯಂತ್ರದ ಪಕ್ಕದಲ್ಲಿ, ನೆಲದ ಮೇಲೆ, ಬಟ್ಟೆ ಚೂರುಗಳ ನಡುವೆ, ಅಮ್ಮ ಪೆಡಲು ತುಳಿಯುತ್ತಿದ್ದಳು, ಅದೇ ನಡೆಗೆ ಇವನ ಬೆರಳು ಬಿತ್ತು, ಅದೇ ನಡೆಗೆ ಇವನ ಹಿಮ್ಮಡಿಯೂ, ಈಗ ಪ್ರಪಂಚದಲ್ಲಿ ಗಿಟಾರು ಕೈಗೆತ್ತಿಕೊಂಡವರೆಲ್ಲ ಮೊದಲು ಕಲಿಯುವುದು ಆ ಐದು ಸ್ವರವನ್ನೇ, ನಮ್ಮ ಮೇಲಿನ ಮಹಡಿಯ ಹುಡುಗಿ ಎರಡು ವರ್ಷದಿಂದ ಮೂರನೆಯದರಲ್ಲೇ ಎಡವುತ್ತಿದ್ದಾಳೆ, ಪುಣ್ಯಾತ್ಗಿತ್ತಿ. ರೆಕಾರ್ಡಿಂಗು ತಗಡಿನ ಕೆಲಸದವನ ಶೆಡ್ಡಿನ ಮೇಲಿನ ಕೋಣೆಯಲ್ಲಿ, ಅವನು ಊಟಕ್ಕೆ ಹೋದಾಗ ಮಾತ್ರ, ಒಂದರಿಂದ ಎರಡು, ಎರಡಾಯಿತೋ ಅವನ ಸುತ್ತಿಗೆ ಶುರು, ಆಮೇಲೆ ದೇವರೇ ಬಂದು ಹಾಡಿದರೂ ಕೇಳಿಸದು. ಟೇಪಿನ ಮಾಮ — ನಮಗೆ ಮಾಮನೂ ಅಲ್ಲ ಏನೂ ಅಲ್ಲ, ಎಲ್ಲರೂ ಹಾಗೇ ಕರೆಯುತ್ತಿದ್ದರು — ಅವನ ಹತ್ತಿರ ಉಳಿದಿದ್ದದ್ದು ಏಳು ನಿಮಿಷದ ಟೇಪು, ಒಂದೇ ಸಲ, ತಪ್ಪಿದರೆ ತಪ್ಪಿತು ಮಕ್ಳಾ, ಅಂದ, ಹೆಡ್‌ಫೋನು ಹಾಕಿ ಗೋಡೆಗೆ ಮುಖಮಾಡಿ ಕಣ್ಣುಮುಚ್ಚಿದ. ನನ್ನ ಸದ್ದು ಅಣ್ಣನ ಮೈಕಿಗೆ ಹೋಗಬಾರದು ಅಂತ ಇಬ್ಬರ ನಡುವೆ ಒಂದು ಹತ್ತಿ ಹಾಸಿಗೆ ನೆಟ್ಟಗೆ ನಿಲ್ಲಿಸಿದ್ದರು, ಕೆಳಗೆ ಎರಡು ಇಟ್ಟಿಗೆ, ಆ ಸಂದಿಯಲ್ಲಿ ನನಗೆ ಕಾಣುತ್ತಿದ್ದದ್ದು ಅವನ ಎಡಗಾಲಿನ ಬೂಟು ಒಂದೇ, ಎರಡನೆಯ ಚರಣ ಮುಗಿದು ಅದು ಕೆಳಗೆ ಬಿದ್ದಾಗ ನೀನು ಶುರುಮಾಡು, ಅಂದಿದ್ದ. ನನಗೆ ಹತ್ತೊಂಬತ್ತು ವರ್ಷ, ಹೊಟ್ಟೆಯಲ್ಲಿ ಬೆಳಗ್ಗಿನಿಂದ ನೀರು ಬಿಟ್ಟರೆ ಏನೂ ಇರಲಿಲ್ಲ.

ಎರಡನೆಯ ಚರಣ ಮುಗಿಯಿತು, ಹಿಮ್ಮಡಿ ಎದ್ದಿತು, ಎದ್ದದ್ದು ಇಳಿಯಲೇ ಇಲ್ಲ. ಸಂದಿಯಲ್ಲಿ ಎತ್ತಿದ ಹಿಮ್ಮಡಿ, ಅದರಡಿಯಲ್ಲಿ ಬೆರಳಗಲದ ಬೆಳಕು, ನಾನು ಕಡ್ಡಿ ಎತ್ತಿಕೊಂಡು ಕೂತೇ ಇದ್ದೇನೆ, ಏನಾಯಿತೋ ಇವನಿಗೆ, ಕಾಲು ಹಿಡಿದುಕೊಂಡಿತೇ, ಸತ್ತನೇ, ಟೇಪು ಓಡುತ್ತಿದೆ ಕಣೋ ಮಾರಾಯ, ಒಂದು, ಎರಡು, ಮೂರು, ನಾಲ್ಕು — ಆಗ ಬಿತ್ತು, ನನಗೋ ಮೈಯೆಲ್ಲ ಉರಿ, ಆ ಉರಿಯಲ್ಲೇ ಒಂದು ಏಟಿನ ಜಾಗಕ್ಕೆ ಎರಡು ಹಾಕಿದೆ, ಧಬ್, ಧಬಧಬ್, ಅಭ್ಯಾಸ ಮಾಡಿದ್ದೇ ಬೇರೆ, ಅದುವರೆಗೆ ನಾನೂ ಕೇಳಿರದ ನಡೆ, ಕಾಲು ತಾನಾಗಿಯೇ ತುಳಿದದ್ದು. ಕೊನೆಯ ಸ್ವರಕ್ಕೆ ಸರಿಯಾಗಿ ಕೆಳಗಿನವನು ಊಟ ಮುಗಿಸಿ ಬಂದು ತಗಡಿಗೆ ಒಂದು ಕೊಟ್ಟ, ಟಿಣ್, ಅದೂ ಟೇಪಿನಲ್ಲಿದೆ, ಅದು ಕಾಲದ ಗಂಟೆ ಅಂತ ಒಬ್ಬ ಪ್ರೊಫೆಸರು ಹನ್ನೊಂದು ಪುಟ ಬರೆದಿದ್ದಾನೆ, ತಗಡಿನವನಿಗೆ ತೋರಿಸಿದೆ, ಅದು ಮೋರಿ ಪೈಪು ಕಣಮ್ಮ, ಅಂದ. ಟೇಪಿನ ಮಾಮ ಕೇಳಿಸಿಕೊಂಡು, ನಡುವೆ ಒಂದು ಗುಂಡಿ ಬಿದ್ದಿದೆ, ಕತ್ತರಿಸಿ ಅಂಟಿಸ್ತೀನಿ, ಹತ್ತು ನಿಮಿಷದ ಕೆಲಸ, ಅಂದವನೇ ಟೇಪಿನ ಮೇಲೆ ಬ್ಲೇಡು ಇಟ್ಟೂಬಿಟ್ಟ, ಅಣ್ಣ ಹಾರಿಬಂದು ಮಣಿಕಟ್ಟು ಹಿಡಿದ, ಬೇಡ ಮಾಮ, ಅದನ್ನ ಮುಟ್ಬೇಡಿ, ಯಾಕೋ, ಹಾಗೇ ಇರ್ಲಿ ಅಂದ್ನಲ್ಲ. ಆ ಗುಂಡಿಯಲ್ಲೇ ಲೋಕವೆಲ್ಲ ಬಿತ್ತು ನೋಡು. ಮೂವತ್ತೊಂಬತ್ತು ವರ್ಷವಾಯಿತು, ಟ್ಯಾಕ್ಸಿಯವನು ಅಲ್ಲಿಗೆ ಬಂದಾಗ ಸ್ಟೀರಿಂಗಿನ ಮೇಲೆ ಬೆರಳು ಎತ್ತಿ ಹಿಡಿಯುತ್ತಾನೆ, ಹೋದ ವರ್ಷ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ಕಳೆದು ಮಲಗಿದ್ದೆ, ರೇಡಿಯೋದಲ್ಲಿ ಇದೇ ಹಾಡು, ಆಯಮ್ಮ ಸರಿಯಾಗಿ ಆ ಜಾಗಕ್ಕೆ ಯಂತ್ರ ನಿಲ್ಲಿಸಿ, ಉಸಿರು ಕಟ್ಟಿ ಕಾದು, ಡ್ರಮ್ಸ್ ಬಿದ್ದಮೇಲೆ ಮತ್ತೆ ಕೊರೆಯಲು ಶುರುಮಾಡಿದಳು, ಅದು ನಾನೇ ಕಣಮ್ಮ ಅನ್ನೋಣವೆಂದರೆ ಬಾಯಲ್ಲಿ ಅರ್ಧ ಅಂಗಡಿ.

ಗಿಟಾರು ಮೇಲಕ್ಕೆ ಹತ್ತುತ್ತಿದೆ, ಎರಡನೆಯ ಚರಣ, ಆಹಾ, ಮಗನೇ, ಆ ಗಂಟುಬಿದ್ದ ಬೆರಳುಗಳಲ್ಲಿ ಇದನ್ನು ಹೇಗೆ ನುಡಿಸುತ್ತೀಯೋ, ಅವು ಇನ್ನೊಂದು ವರ್ಷ ಆಡಿದರೆ ಹೆಚ್ಚು ಅಂತ ಡಾಕ್ಟರು ಹೇಳಿದ್ದಾರಂತೆ, ಜನ ಹಾಡುವುದನ್ನು ನಿಲ್ಲಿಸಿದರು, ಎಲ್ಲರಿಗೂ ಗೊತ್ತು ಏನು ಬರುತ್ತಿದೆ ಅಂತ, ನನ್ನ ಬೆನ್ನಿಗೆ ಬೆವರು. ಆ ನಿಲುಗಡೆ ಏನು ಸಾರ್ ಅಂತ ರೇಡಿಯೋದವನು ಕೇಳಿದ್ದಕ್ಕೆ, ಅದು ನನ್ನ ತಂಗಿ ತಡ ಮಾಡಿದ್ದು ಅಷ್ಟೆ, ಅಂದನಲ್ಲ ಈ ಮಹಾನುಭಾವ, ಹನ್ನೊಂದು ವರ್ಷದ ಹಿಂದೆ, ನಾನು ಮನೆಯಲ್ಲಿ ಬಟ್ಟೆ ಮಡಚುತ್ತಾ ಕೇಳಿಸಿಕೊಂಡೆ, ನಾನು ತಡವೇ, ನಿನ್ನ ಕಾಲು ಗಾಳಿಯಲ್ಲಿ ನೇತಾಡಿತ್ತಲ್ಲೋ ಸುಳ್ಳ, ಮಾರನೆಯ ದಿನವೇ ಕಡ್ಡಿಗಳನ್ನು ಅವನ ಮೇಜಿನ ಮೇಲಿಟ್ಟು ಬಂದೆ, ಅಲ್ಲಿಂದ ಊರಿಗೆಲ್ಲ ನಾನು ಲೇಟಮ್ಮ. ನನ್ನ ಜಾಗದಲ್ಲಿ ಯಾರ ಯಾರನ್ನೋ ಕೂರಿಸಿಕೊಂಡ, ಅವರೋ ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡು ಎಣಿಸಿ ಹೊಡೆಯುವವರು, ಸರಿಯಾಗಿಯೇ ಹೊಡೆಯುತ್ತಾರೆ, ಸರಿ ಹೋಗುವುದಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಮಂಚದ ಆ ಕಡೆ ಅವನು ಈ ಕಡೆ ನಾನು, ಮಾತಿಲ್ಲ, ಅಮ್ಮ ಇಬ್ಬರನ್ನೂ ನೋಡಿದಳು, ತುಟಿ ಅಲ್ಲಾಡಿತು, ಏನೂ ಹೇಳಲಿಲ್ಲ, ಅವಳು ಬಾಯಿಬಿಟ್ಟು ಹೇಳುವ ಪೈಕಿಯೇ ಅಲ್ಲ, ಒಂದು ಸಲ ಆಡಿದಳೆಂದರೆ ಮುಗಿಯಿತು, ನೀನು ಆ ಡಬ್ಬ ಬಡಿಯೋ ಕಡೆಗೆ ನಾನು ಸತ್ರೂ ಕಾಲಿಡಲ್ಲ, ಅಂದಿದ್ದಳು ನನಗೆ ಹದಿನೆಂಟಾದಾಗ, ಇಡಲಿಲ್ಲ, ದೊಡ್ಡ ದೊಡ್ಡ ಮೈದಾನಕ್ಕೆ ಟಿಕೆಟು ಕಳಿಸಿದೆ, ಇಡಲಿಲ್ಲ, ಮಗಳು ಬಾರಿಸುವುದನ್ನು ಒಂದೇ ಒಂದು ಸಲ ಕಣ್ಣಾರೆ ನೋಡದೆ ಹೋದಳು, ಬೇರೆ ಯಾವುದಕ್ಕೂ ನನಗೆ ಅಳು ಬಂದಿಲ್ಲ ಇದೊಂದು ಬಿಟ್ಟು. ನಾನಾದರೂ ಬಾ ಅಂತ ಬಾಯಿಬಿಟ್ಟು ಕರೆದೆನೇ, ಇಲ್ಲ, ಟಿಕೆಟು ಲಕೋಟೆಗೆ ಹಾಕಿದೆ, ನೂಲಿನಂತೆ ಸೀರೆ ತಾಯಿಯಂತೆ ಮಗಳು. ಅವಳು ಹೋಗಿ ಮೂರು ತಿಂಗಳಿಗೆ ಅಣ್ಣನ ಫೋನು, ಆ ಜಾಗ ಬರ್ತಿಲ್ಲ ಕಣೇ, ನೀನೇ ಬರ್ಬೇಕು, ಒಂದು ವಿಷಯ ಇದೆ, ಈಗ ಹೇಳ್ಬಹುದು, ಅಂದ. ತಪ್ಪು ಯಾರದು ಅಂತ ಮೊದಲು ಹೇಳು ಅಂದೆ ನಾನು, ಅವನು ಫೋನಿಟ್ಟುಬಿಟ್ಟ, ನಾನೂ ಹಟಕ್ಕೆ ಮತ್ತೆ ಕೇಳಲಿಲ್ಲ, ಬಂದೆ.

ಈಗ ಹೇಳಬಹುದು, ಈಗ ಅಂದರೆ, ಇಷ್ಟು ದಿನ ಹೇಳುವಂತಿರಲಿಲ್ಲ ಅಂದರೆ — ತಡಿ, ತಡಿ, ಬಾಗಿಲು, ಶೆಡ್ಡಿನ ಮರದ ಮೆಟ್ಟಿಲಿನ ತುದಿಯಲ್ಲಿದ್ದ ಆ ಬಾಗಿಲು, ಅಣ್ಣ ಅದಕ್ಕೆ ಎದುರಾಗಿ ಕೂತಿದ್ದ, ಟೇಪಿನ ಮಾಮ ಕಣ್ಣುಮುಚ್ಚಿದ್ದ, ನನಗೆ ಹಾಸಿಗೆ ಅಡ್ಡ, ಯಾರು ಬಂದರೂ ಕಂಡಿರುವುದು ಅಣ್ಣನಿಗೊಬ್ಬನಿಗೇ, ತಗಡಿನವನು ಇನ್ನೂ ಊಟದಲ್ಲಿದ್ದ, ಗಿಟಾರಿನ ಸ್ನೇಹಿತ ಸಂಜೆಯವರೆಗೂ ಊರಲ್ಲಿರಲಿಲ್ಲ, ಯಾರನ್ನು ಕಂಡರೆ ಇವನ ಕಾಲು ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ, ಯಾರು ಬಾಗಿಲಲ್ಲಿ ನಿಂತು ಹೇಳಬೇಡ ಅಂತ ಕೈ ಆಡಿಸಿದರೆ ಇವನು ಮೂವತ್ತೊಂಬತ್ತು ವರ್ಷ ಬಾಯಿ ಹೊಲಿದುಕೊಂಡಿರುತ್ತಾನೆ — ಅಯ್ಯೋ. ಅಯ್ಯೋ, ಅವತ್ತು ಸಂಜೆ. ಅವತ್ತು ಸಂಜೆ ನಾನು ಮನೆಗೆ ಬಂದಾಗ ಅಮ್ಮ ಹೊಲಿಗೆ ಯಂತ್ರದ ಮುಂದೆ, ಬೆನ್ನು ನನ್ನ ಕಡೆಗೆ, ಪ್ಯಾಂಟಿನ ಅಂಚು ಹೊಲಿಯುತ್ತಾ ಗಂಟಲಲ್ಲೇ ಐದು ಸ್ವರ ಗುನುಗುತ್ತಿದ್ದಳು, ಅದರಲ್ಲೇನು, ಅಣ್ಣ ದಿನವೂ ಅಲ್ಲೇ ನುಡಿಸುತ್ತಿದ್ದ, ಆದರೆ ನಡುವೆ ನಿಲ್ಲಿಸಿದಳು, ಪೆಡಲಿನಿಂದ ಹಿಮ್ಮಡಿ ಎತ್ತಿ ಹಾಗೇ ಹಿಡಿದಳು, ನೂಲು ಕಡಿದಿರಬೇಕು ಅಂದುಕೊಂಡೆ ನಾನು, ದಡ್ಡಿ, ಸೂಜಿಯ ಕಡೆ ಬಗ್ಗಲೇ ಇಲ್ಲ ಅವಳು, ಕೈ ಬಟ್ಟೆಯ ಮೇಲೆ ಸುಮ್ಮನಿತ್ತು, ಆಮೇಲೆ ಹಿಮ್ಮಡಿ ಇಳಿಸಿದಳು, ಧಬ್, ಧಬಧಬ್. ಧಬಧಬ್! ಅದು ಆ ಮಧ್ಯಾಹ್ನ ಹುಟ್ಟಿದ ನಡೆ, ನನ್ನ ಸಿಟ್ಟಿಗೆ ಹುಟ್ಟಿದ್ದು, ಟೇಪು ಮಾಮನ ಚೀಲದಲ್ಲಿತ್ತು, ಅಣ್ಣ ಗಿಟಾರು ವಾಪಸು ಕೊಡಲು ಹೋಗಿದ್ದ, ಆ ಕೋಣೆಯಲ್ಲಿ ಇಲ್ಲದವರಿಗೆ ಅದು ತಿಳಿಯುವ ದಾರಿಯೇ ಇಲ್ಲ, ನೀನು ಇದ್ದೆ, ಇದ್ದೆಯೇನೇ ಅಮ್ಮ, ತಗಡಿನ ಚೂರು ತುಳಿದುಕೊಂಡು ಮೆಟ್ಟಿಲು ಹತ್ತಿ ಬಂದು ನಿಂತು ಮೂರನೆಯ ಚರಣವೆಲ್ಲ ಕೇಳಿ ಇಳಿದು ಹೋದೆ, ಆಡಿದ ಮಾತು ಉಳಿಸಿಕೊಳ್ಳಲು ಹೆತ್ತ ಮಗನ ಬಾಯಿ ಕಟ್ಟಿದೆ, ಮಾಮನ ಬ್ಲೇಡಿನ ಕೆಳಗೆ ಇದ್ದದ್ದು ನೀನು, ಇಷ್ಟು ವರ್ಷ ಲೋಕವೆಲ್ಲ ಉಸಿರು ಹಿಡಿದು ಕಾದದ್ದು ನಿನ್ನನ್ನು, ಅಣ್ಣ, ನೀನು ಹೇಳಬಾರದಾಗಿತ್ತೇನೋ, ಲೇಟಮ್ಮ ಅನ್ನಿಸಿದೆಯಲ್ಲೋ, ಹೋಗಲಿ ಬಿಡು, ಹೋಗಲಿ, ಲೇಟಮ್ಮನೇ ನಾನು, ಮೂವತ್ತೊಂಬತ್ತು ವರ್ಷ ಲೇಟು, ಕಣ್ಣು ಮಂಜಾಗುತ್ತಿದೆ, ಒರೆಸಿಕೊಳ್ಳಲು ಕೈಯಿಲ್ಲ, ಕಡ್ಡಿ ಮೇಲೆತ್ತಿದ್ದೇನೆ, ಎರಡನೆಯ ಚರಣದ ಕೊನೆಯ ಸಾಲು, ದೀಪ ಆರಿಸಬೇಡ, ತಂತಿ ನಿಂತಿತು, ಮೈದಾನ ನಿಂತಿತು, ಒಂದು ಕೆಮ್ಮಿಲ್ಲ, ಅಣ್ಣ ತಲೆಯೆತ್ತಿ ಜನರ ಆಚೆ, ದೂರದ ಗೇಟಿನ ಕಡೆ ನೋಡುತ್ತಿದ್ದಾನೆ, ನಾನು ಎಣಿಸುವುದಿಲ್ಲ, ಬಾ ಒಳಗೆ ಅಮ್ಮ, ಬಾಗಿಲಲ್ಲಿ ನಿಲ್ಲಬೇಡ, ಬಾ, ಹಿಮ್ಮಡಿ ಎದ್ದಿದೆ, ಇಳಿದಿಲ್ಲ, ಇನ್ನೂ ಇಳಿದಿಲ್ಲ, ಎತ್ತಿದ ಹಿಮ್ಮಡಿ, ಅದರಡಿಯಲ್ಲಿ ಬೆರಳಗಲದ ಬೆಳಕು —