ಐನೂರು ಅಡಿ ಎತ್ತರದಲ್ಲಿ ಉಳಿದ ಮಾತು

ಮಗಳ ಎರಡನೆಯ ಜಡೆಗೆಂದು ಗೋದಾ ಕೂದಲನ್ನು ಮೂರು ಕಾಲು ಮಾಡಿ ಹಿಡಿದಿದ್ದಳಷ್ಟೆ, ನಡುಮನೆಯ ಫೋನು ಹೊಡೆದುಕೊಂಡಿತು. ಮೈತ್ರೇಯಿ ಕೈತಪ್ಪಿಸಿಕೊಂಡು ಓಡಿದಳು. ಒಂದು ಕಡೆ ರಿಬ್ಬನ್ ಕಟ್ಟಿದ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು.

"ಅಮ್ಮಾ, ಚಂದ್ರಶೇಖರಯ್ಯ ತಾತ!"

ಎಂಟು ವರ್ಷದ ಹುಡುಗಿಗೆ ಅವರು ತಾತ. ಅವಳ ಅಪ್ಪ ಶ್ರೀಹರಿಗೆ ಗುರುಗಳು. ಜಕ್ಕೂರಿನಲ್ಲಿ ಅವನಿಗೆ ವಿಮಾನ ಹಾರಿಸುವುದನ್ನು ಕಲಿಸಿದವರು. ಈಗ ಒಂದೇ ವಿಮಾನ ಕಂಪನಿಯಲ್ಲಿ ಅವರು ಕ್ಯಾಪ್ಟನ್, ಅವನು ಅವರ ಪಕ್ಕದ ಸೀಟಿನ ಕೋ-ಪೈಲಟ್. ಚಾಮರಾಜಪೇಟೆಯ ಈ ಮನೆಯಲ್ಲಿ ಅವರಿಗೆ ಕಾಫಿ ಕೊಡುವುದು ಬೆಳ್ಳಿ ಲೋಟದಲ್ಲೇ.

"ಏನಮ್ಮಾ ಗೋದಾ, ಆ ಸೋಮಾರಿ ಎದ್ನೋ ಇಲ್ವೋ?"

"ಎದ್ದಿದಾರೆ ಸರ್. ತಿಂಡಿ ಮಾತ್ರ ಮುಟ್ಟಿಲ್ಲ."

"ನನ್ನ ಮೇಲಿನ ಕೋಪಾನ ಉಪ್ಪಿಟ್ಟಿನ ಮೇಲೆ ತೀರಿಸ್ಕೊಂಡ್ರೆ ಹೆಂಗೆ? ಕೊಡು ಅವನಿಗೆ."

ಶ್ರೀಹರಿ ಫೋನು ಹಿಡಿದು ನೆಟ್ಟಗೆ ನಿಂತ. "ಸರ್... ಇಲ್ಲ ಸರ್... ಅದು ಹೇಗಾಗತ್ತೆ ಸರ್..." ಇಷ್ಟೇ ಕೇಳಿಸಿತು. ಫೋನಿಟ್ಟು ಬಂದು, ಬಿಳಿ ಹಾಳೆ ತೆಗೆದುಕೊಂಡು ಊಟದ ಮೇಜಿನ ಮುಂದೆ ಕೂತ.

ನಿನ್ನೆ ಸಂಜೆ ಏನಾಯಿತೆಂದು ಅವನು ರಾತ್ರಿಯೇ ಮಗಳ ಎದುರಿಗೆ ಗೋದಾಳಿಗೆ ಹೇಳಿದ್ದ. ಮುಂಬಯಿಯಿಂದ ಬಂದ ವಿಮಾನ ಬೆಂಗಳೂರಿನಲ್ಲಿ ಇಳಿಯುವಾಗ ಎತ್ತರವೂ ಹೆಚ್ಚಿತ್ತು, ವೇಗವೂ ಹೆಚ್ಚಿತ್ತು. ಐನೂರು ಅಡಿಗೆ ಬರುವಷ್ಟರಲ್ಲಿ ಎಲ್ಲವೂ ಹದಕ್ಕೆ ಬಂದಿರಬೇಕು. ಬಂದಿಲ್ಲವೆಂದರೆ ಇಬ್ಬರಲ್ಲಿ ಯಾರಾದರೊಬ್ಬರು 'ಗೋ ಅರೌಂಡ್' ಅನ್ನಬೇಕು. ಅಂದವನು ಕಿರಿಯನೋ ಹಿರಿಯನೋ ನೋಡದೆ ವಿಮಾನವನ್ನು ಮತ್ತೆ ಮೇಲೆತ್ತಿ, ಒಂದು ಸುತ್ತು ಹಾಕಿಕೊಂಡು ಬರಬೇಕು. ಅದು ನಿಯಮ.

ಶ್ರೀಹರಿ ಅಂದದ್ದು, "ಸರ್, ಸ್ಪೀಡು ಸ್ವಲ್ಪ ಜಾಸ್ತಿ ಇದೆಯೇನೋ ಸರ್."

"ಬರತ್ತೆ ಕಣಯ್ಯಾ, ಕೈಗೆ ಬರತ್ತೆ," ಅಂದಿದ್ದರು ಚಂದ್ರಶೇಖರಯ್ಯ.

ವಿಮಾನ ಮುಟ್ಟಬೇಕಾದ ಜಾಗವನ್ನು ಬಹಳ ದಾಟಿ ನೆಲ ಮುಟ್ಟಿತು. ರನ್‌ವೇಯ ಕೊನೆಯ ದೀಪಗಳ ಹತ್ತಿರಕ್ಕೆ ಹೋಗಿ ನಿಂತಿತು. ಚಕ್ರಗಳು ಕಾದು ಹೊಗೆಯಾಡಿದವು. ಒಳಗಿದ್ದ ನೂರಹತ್ತು ಜನರಿಗೆ ಒಂದು ಗೀರೂ ಆಗಲಿಲ್ಲ. ಇಳಿಯುವಾಗ ಯಾರೋ ಕೈಮುಗಿದರಂತೆ, ಒಬ್ಬರು ಬೈದರಂತೆ.

ಆ 'ಇದೆಯೇನೋ' ಎಲ್ಲಿಂದ ಬಂತೆಂದು ಗೋದಾಳಿಗೆ ಯಾರೂ ಹೇಳಬೇಕಿರಲಿಲ್ಲ. ಈ ಮನೆಯಲ್ಲಿ ಎಲ್ಲರೂ ಮಾತಾಡುವುದೇ ಹಾಗೆ. ಮಾವ ಬದರೀನಾರಾಯಣರ ಸ್ಕೂಟರಿನ ಹಿಂದೆ ಕೂತರೆ ಜೀವ ಬಾಯಿಗೆ ಬರುತ್ತದೆ. ಆದರೂ "ಅಪ್ಪಾ, ನಿಧಾನ" ಎಂದು ಶ್ರೀಹರಿ ಒಂದು ದಿನವೂ ಅಂದವನಲ್ಲ. "ಮಾವಳ್ಳಿ ತಾನೆ, ನಡೆದೇ ಹೋಗೋಣ. ಹವಾ ಚೆನ್ನಾಗಿದೆ," ಅನ್ನುತ್ತಾನೆ. ಹುಳಿಗೆ ಉಪ್ಪು ಹೆಚ್ಚಾದರೆ ಮಾವ ಅವಳಿಗೆ ಹೇಳುವುದೂ ಅಷ್ಟೇ, "ಇವತ್ತು ಮೊಸರು ಒಂದು ಸೌಟು ಮುಂದಾಗಿ ಬಡಿಸಮ್ಮಾ." ಆ ನಯ ಅವಳಿಗೆ ತುಂಬ ಇಷ್ಟ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಸೋತದ್ದೇ ಅದಕ್ಕೆ.

"ಏನಂತೆ ಸರ್?" ಎಂದಳು, ಮಗಳನ್ನು ಮತ್ತೆ ಮುಂದೆ ಕೂರಿಸಿಕೊಂಡು.

"ಹನ್ನೊಂದಕ್ಕೆ ಆಫೀಸಲ್ಲಿ ಇಬ್ರೂ ಬರೆದು ಕೊಡ್ಬೇಕು. 'ಗೋ ಅರೌಂಡ್ ಅಂತ ನೀನು ಹೇಳ್ದೆ, ನಾನೇ ಕೇಳ್ಲಿಲ್ಲ ಅಂತ ಬರಿ, ನಾನೂ ಹಾಗೇ ಬರೀತೀನಿ' ಅಂತಾರೆ."

"ನಿಮ್ಮ ಮಾತು ಟೇಪ್ ಆಗಿರಲ್ವೇನ್ರೀ?"

"ಕೊನೇ ಅರ್ಧ ಗಂಟೇದು ಮಾತ್ರ ಇರತ್ತೆ. ವಿಮಾನ ನಿಂತ ಮೇಲೂ ಟೇಪ್ ಓಡ್ತಾನೇ ಇತ್ತು. ಅದರ ಮೇಲೇ ಬೇರೆ ತುಂಬ್ಕೊಂಡು ಹೋಗಿದೆ. ಇನ್ನು ನಾವಿಬ್ರೂ ಹೇಳಿದ್ದೇ ಮಾತು."

ಮುಂದಿನ ತಿಂಗಳು ಶ್ರೀಹರಿಗೆ ಕ್ಯಾಪ್ಟನ್ ಆಗುವ ಟ್ರೈನಿಂಗು. ನಿಜ ಬರೆದರೆ ಅದು ನಿಂತುಹೋಗಬಹುದು. ಚಂದ್ರಶೇಖರಯ್ಯನವರಿಗೆ ರಿಟೈರಾಗಲು ಎಂಟೇ ತಿಂಗಳು. "ನಂದೇನಯ್ಯಾ, ಪಾರ್ಕಲ್ಲಿ ಕೂತ್ಕೊಳ್ಳೋದನ್ನ ಸ್ವಲ್ಪ ಬೇಗ ಶುರು ಹಚ್ಕೋತೀನಿ," ಎಂದು ನಕ್ಕರಂತೆ. 

ಸರ್ ಹೇಳಿದ ಹಾಗೇ ಬರೆದುಬಿಡಿ ಎಂಬುದು ಗೋದಾಳ ನಾಲಿಗೆಯ ತುದಿಗೆ ಬಂದಿತ್ತು. "ಕಾಫಿ ಆರೋಗತ್ತೆ, ಕುಡೀರಿ," ಅಂದಳು. ಅಂದಮೇಲೆ ತನಗೇ ನಾಚಿಕೆಯಾಯಿತು.

ಶ್ರೀಹರಿ ಸರಸರ ಬರೆಯತೊಡಗಿದ. ಮುಂಬಯಿ ಬಿಟ್ಟದ್ದು, ಗಾಳಿ, ವೇಗ, ಎತ್ತರ. ಐನೂರು ಅಡಿಗೆ ಬಂದಾಗ ಪೆನ್ನು ನಿಂತಿತು.

ಗೋದಾಳ ಬೆರಳ ಕೆಳಗೆ ಮಗಳ ತಲೆ ಅಲುಗಾಡುತ್ತಿತ್ತು. ಅಪ್ಪನ ಕಡೆ ತಿರುಗುತ್ತಾಳೆ, ಬಾಯಿ ತೆರೆಯುತ್ತಾಳೆ, ಮುಚ್ಚಿಕೊಳ್ಳುತ್ತಾಳೆ. ಫೋನು ಬಂದಾಗಿನಿಂದ ಇದೇ ಆಗಿದೆ. ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು ಎಂದು ಕಲಿಸಿದವಳು ಗೋದಾಳೇ. ಮಗು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಎಷ್ಟು ಚೆನ್ನಾಗಿ ಕಲಿಸಿದೆ ಎಂದುಕೊಂಡಳು. ಜಡೆ ಹೆಣೆಯುವುದನ್ನು ನಿಲ್ಲಿಸಿದಳು.

"ಏನು ಪುಟ್ಟಾ? ಏನೋ ಕೇಳ್ಬೇಕು ಅಲ್ವಾ?"

ಮೈತ್ರೇಯಿ ತಲೆಯಾಡಿಸಿದಳು.

"ಕೇಳು."

"ಅಪ್ಪ ಬರೀತಿದಾನೆ."

"ಬರೀಲಿ. ನೀನು ಕೇಳು. ಯಾರೂ ಬೈಯಲ್ಲ."

ಶ್ರೀಹರಿ ತಲೆಯೆತ್ತಿದ. ಹುಡುಗಿ ಅಮ್ಮನ ಕೈಯಿಂದ ಬಿಡಿಸಿಕೊಂಡು ಮೇಜಿನ ಹತ್ತಿರ ಹೋಗಿ ನಿಂತಳು. ದನಿ ಮೊದಲು ಸಣ್ಣಗೆ ಹೊರಟು, ಆಮೇಲೆ ಗಟ್ಟಿಯಾಯಿತು.

"ಅಪ್ಪಾ, ಆ ವಿಮಾನದಲ್ಲಿ ನಾನೂ ಅಮ್ಮಾನೂ ಇದ್ದಿದ್ರೆ, ಆಗ ತಾತಂಗೆ ಜೋರಾಗಿ ಹೇಳ್ತಿದ್ಯಾ?"